ನಾಲ್ಕು ತಾಲೂಕು, ಒಂದು ಕ್ಯಾಮೆರಾ!

ಸಂಜೆ ಆರು ಗಂಟೆ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡು. ಪಾಂಡವಪುರದ ಬಸ್ಸಿಗೆ ಕಾದು ನಿಂತಿದ್ದೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು.

"ಅಣ್ಣಾ, ನೀವೇ ಅಲ್ವಾ ಆ ಅಜ್ಜಿ ಪಿಚ್ಚರ್ ತೆಗೆದೋರು?"

ತಿರುಗಿ ನೋಡಿದೆ. ಇಪ್ಪತ್ತರ ಹುಡುಗ. ಕುರುಚಲು ಗಡ್ಡ, ಹೆಗಲಲ್ಲಿ ಕಾಲೇಜು ಬ್ಯಾಗು, ಕಣ್ಣಲ್ಲಿ ಸಿನಿಮಾ! ಆ ಕಣ್ಣುಗಳನ್ನು ನಾನು ದೂರದಿಂದಲೇ ಗುರುತು ಹಿಡಿಯಬಲ್ಲೆ. ಕೆಲವು ವರ್ಷಗಳ ಹಿಂದೆ ಕನ್ನಡಿಯಲ್ಲಿ ದಿನಾ ಅವನ್ನೇ ನೋಡುತ್ತಿದ್ದೆನಲ್ಲ!

"ಹೌದಪ್ಪ. ಏನಾಗ್ಬೇಕಿತ್ತು?"

"ಇಪ್ಪತ್ತೈದು ಸಾವ್ರ ಕೂಡಿಸಿದೀನಿ ಅಣ್ಣ. ಡಿಎಸ್‌ಎಲ್‌ಆರ್ ತಗಂಡು ಶಾರ್ಟ್ ಫಿಲಂ ಮಾಡ್ಬೇಕು. ಯಾವ್ದು ತಗೊಳ್ಳಿ?"

ಪಾಂಡವಪುರದ ಬಸ್ಸು ಬಂತು. ಹೋಯಿತು. ನಾನು ಹತ್ತಲಿಲ್ಲ. ಈ ಪ್ರಶ್ನೆಗೆ ಉತ್ತರ ಹೇಳಲು ಒಂದು ಬಸ್ಸಿನ ಹೊತ್ತು ಸಾಲದು ಮಿತ್ರರೇ. ಆ ಹುಡುಗನಿಗೆ ಟೀ ಕುಡಿಸಿ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ. ನಿಮ್ಮಲ್ಲೂ ಎಷ್ಟು ಜನ ಜೇಬಿನಲ್ಲಿ ಅಷ್ಟಿಷ್ಟು ಇಟ್ಟುಕೊಂಡು ಇದೇ ಪ್ರಶ್ನೆ ಕೇಳುತ್ತಿದ್ದೀರೋ, ಯಾರಿಗೆ ಗೊತ್ತು!

ಹುಚ್ಚು ಹತ್ತಿದ್ದು ಎಲ್ಲಿಂದ?

ನಮ್ಮ ಸೀಮೆಯ ನೀರಿನಲ್ಲೇ ಏನೋ ಇದೆ. ಮೇಲುಕೋಟೆಯ ರಾಯಗೋಪುರ ನೋಡಿ. ಕಟ್ಟಿ ಮುಗಿಸದೆ ಬಿಟ್ಟ ನಾಲ್ಕು ಎತ್ತರದ ಕಂಬಗಳು, ಅಷ್ಟೆ. ಆದರೆ ಮಣಿರತ್ನಂ ಬಂದರು. 1991ರ 'ದಳಪತಿ'ಗೆ ಸಂತೋಷ್ ಶಿವನ್ ಕ್ಯಾಮೆರಾ ಹಿಡಿದರು, 2007ರ 'ಗುರು'ವಿಗೆ ರಾಜೀವ್ ಮೆನನ್ ಹಿಡಿದರು, ನಮ್ಮ ಪಾಂಡವಪುರ ತಾಲೂಕಿನ ಕಲ್ಲುಗಳು ದೇಶವೆಲ್ಲ ಸುತ್ತಿ ಬಂದವು. ಇನ್ನು ಕೆ.ಆರ್.ಎಸ್.ನ ಬೃಂದಾವನದಲ್ಲಿ ಎಷ್ಟು ಜೋಡಿಗಳು ಎಷ್ಟು ಭಾಷೆಯಲ್ಲಿ ಕುಣಿದು ಹೋಗಿವೆಯೋ, ಆ ಕಾರಂಜಿಗಳಿಗೇ ಲೆಕ್ಕ ತಪ್ಪಿರಬೇಕು. ಅಂದ ಹಾಗೆ, 1964ರ 'ಚಿನ್ನದ ಗೊಂಬೆ'ಯ ನಾಯಕಿ ಜಯಲಲಿತಾ ಹುಟ್ಟಿದ್ದು ಇದೇ ಮೇಲುಕೋಟೆಯಲ್ಲಿ, 1948ರಲ್ಲಿ.

ಹೀಗಿರುವಾಗ ನಮಗೆ ಹುಚ್ಚು ಹತ್ತದೆ ಇನ್ನಾರಿಗೆ ಹತ್ತಬೇಕು?

ನಾವು ನಾಲ್ವರಿದ್ದೆವು. ತಾಲೂಕಿಗೊಬ್ಬರಂತೆ! ಶ್ರೀರಂಗಪಟ್ಟಣದವನು ನಾನು. ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ. ಪ್ರತಿ ಮೇ 29ಕ್ಕೆ ಅಂಬರೀಶಣ್ಣನ ಮುಖವನ್ನು ಎಷ್ಟು ಬಗೆಯಲ್ಲಿ ಕತ್ತರಿಸಿ ಅಂಟಿಸಿದ್ದೇನೋ ನನಗೇ ನೆನಪಿಲ್ಲ. ಪಾಂಡವಪುರದವನು ಕತೆ ಬರೆಯುತ್ತಿದ್ದ, ಹಾಗಾಗಿ ಅವನು ನಮ್ಮ 'ಡೈರೆಕ್ಟರು'. ನಾಗಮಂಗಲದವನಿಗೆ ಆರಡಿ ಎತ್ತರ, ಒಳ್ಳೇ ಕಂಠ, ಅವನು 'ಹೀರೋ'. ಕೆ.ಆರ್.ಪೇಟೆಯವನು ಎಲ್ಲರಿಗಿಂತ ಚಿಕ್ಕವನು. ಮದುವೆ ಫೋಟೋಗ್ರಾಫರ್ ಒಬ್ಬರ ಹಿಂದೆ ಲೈಟ್ ಸ್ಟ್ಯಾಂಡು ಹಿಡಿದು ಓಡಾಡುತ್ತಿದ್ದ. ಅವನಿಗೆ 'ಲೈಟ್ ಬಾಯ್' ಅಂತ ಹೆಸರಿಟ್ಟೆವು. ಆ ಹೆಸರಿನಲ್ಲೇ ನಮ್ಮ ಸೊಕ್ಕು ಎಷ್ಟಿತ್ತು ಅಂತ ನಿಮಗೆ ಗೊತ್ತಾಗಿರಬೇಕು.

ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿ ಪವನ್ ಕುಮಾರ್ 2013ರಲ್ಲಿ 'ಲೂಸಿಯಾ' ಮಾಡಲಿಲ್ಲವೇ? ಮಂಡ್ಯ ಜಿಲ್ಲೆಯ ಹಳ್ಳಿಯ ಜನರನ್ನೇ, ಒಮ್ಮೆಯೂ ಬಣ್ಣ ಹಚ್ಚದವರನ್ನೇ ನಿಲ್ಲಿಸಿ ರಾಮ್ ರೆಡ್ಡಿ 'ತಿಥಿ' ಮಾಡಿ 2015ರಲ್ಲಿ ಲೊಕಾರ್ನೋದಲ್ಲಿ ಬಹುಮಾನ ಗೆಲ್ಲಲಿಲ್ಲವೇ? ನಾವೇನು ಕಮ್ಮಿ! ತಲೆಗೆ ಹತ್ತು ಸಾವಿರ ಹಾಕುವುದೆಂದು ತೀರ್ಮಾನವಾಯಿತು. ನನ್ನದು ಚೀಟಿ ಎತ್ತಿದ ದುಡ್ಡು. ಡೈರೆಕ್ಟರದ್ದು ಅವರಪ್ಪನ ಕಬ್ಬಿನ ದುಡ್ಡು. ಲೈಟ್ ಬಾಯ್ ಎರಡು ಲಗ್ನದ ಸೀಸನ್ನಿನಲ್ಲಿ ನಿದ್ದೆಗೆಟ್ಟು ಉಳಿಸಿದ್ದು. ಹೀರೋ ಮನೆಯಲ್ಲಿ ದುಡ್ಡಿರಲಿಲ್ಲ. ಅವನ ಅಜ್ಜಿ ಹಬ್ಬಕ್ಕೆಂದು ಸಾಕಿದ್ದ ಟಗರು ಮಾರಿ ಕೊಟ್ಟಳು. "ಹಬ್ಬ ಮುಂದಿನ ವರ್ಸನೂ ಬತ್ತದೆ, ನಿನ್ ಪಿಚ್ಚರು ಬತ್ತದೋ ಇಲ್ವೋ, ತಗಾ" ಅಂದಳಂತೆ.

ಒಟ್ಟು 40 ಸಾವಿರ. ಅದು 2019ರ ದೀಪಾವಳಿ ಕಳೆದ ವಾರ.

ಮೈಸೂರಿನ ಆ ಮಧ್ಯಾಹ್ನ

ನಾಲ್ವರೂ ಮೈಸೂರಿಗೆ ಹೋದೆವು. ಆಗ ಅಂಗಡಿಯ ಗಾಜಿನ ಹಿಂದೆ ನಮ್ಮಂಥ ಬಡಪಾಯಿಗಳಿಗೆಂದೇ ಕೂತಿದ್ದವು ಇವು: ಕ್ಯಾನನ್ 3000ಡಿ, 1500ಡಿ, 200ಡಿ, ನಿಕಾನ್ ಡಿ3500, ಡಿ5600. ಕೊನೆಯೆರಡು ಅಕ್ಷರ-ಅಂಕಿಗಳ ಈ ಗೋಜಲನ್ನು ನೋಡಿಯೇ ಅರ್ಧ ಜನ ತಲೆ ತಿರುಗಿ ವಾಪಸು ಬರುತ್ತಾರೆ. ಹೊರದೇಶದವರು ಮಾಡಿದ ವೀಡಿಯೋ ನೋಡಿ ಬಂದವರ ಪಾಡು ಇನ್ನೂ ಮಜಾ. ನಮ್ಮಲ್ಲಿ 1500ಡಿ ಅನ್ನುವುದನ್ನೇ ಯೂರೋಪಿನಲ್ಲಿ 2000ಡಿ ಅಂತಾರೆ, ನಮ್ಮ 3000ಡಿ ಅಲ್ಲಿ 4000ಡಿ! ಒಂದೇ ಪಿಚ್ಚರ್ ಎರಡು ಟೈಟಲ್ಲಿನಲ್ಲಿ ಬಿಡುಗಡೆಯಾದ ಹಾಗೆ.

ನಾನು ಅಂಗಡಿಗೆ ಹೋಗುವ ಮುಂಚೆ ಒಂದು ತಿಂಗಳು ಓದಿಕೊಂಡಿದ್ದೆ. ಮೆಗಾಪಿಕ್ಸೆಲ್ ಬಾಯಿಪಾಠ. 3000ಡಿಗೆ 18, ಮಿಕ್ಕವಕ್ಕೆಲ್ಲ 24ರ ಆಸುಪಾಸು. 3000ಡಿಯಲ್ಲಿ ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್ಕಿನದು, 1500ಡಿಯಲ್ಲಿ ಲೋಹದ್ದು. ಡಿ3500ರ ಬ್ಯಾಟರಿ ಒಮ್ಮೆ ತುಂಬಿಸಿದರೆ ಕಂಪನಿಯ ಲೆಕ್ಕದಲ್ಲಿ 1550 ಫೋಟೋ, 1500ಡಿಯದು 500. ಎಲ್ಲಾ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ನಾವು ಮಾಡಹೊರಟದ್ದು ಏನು ಎಂಬುದು!

ಕೌಂಟರಿನ ಹುಡುಗ ಜಾಣ. ಎರಡು ಲೆನ್ಸ್ ಇರುವ ಒಂದು ಕಾಂಬೋ ತೆಗೆದು ಮೇಜಿನ ಮೇಲಿಟ್ಟ. ಬ್ಯಾಗು ಫ್ರೀ, ಕಾರ್ಡು ಫ್ರೀ. ಉದ್ದನೆಯ ಜೂಮ್ ಲೆನ್ಸ್ ಸಿಕ್ಕಿಸಿ ನನ್ನ ಕೈಗೆ ಕೊಟ್ಟ. ರಸ್ತೆಯ ಆಚೆ ಕಡೆ ಸೌತೆಕಾಯಿ ಮಾರುತ್ತಿದ್ದ ಹೆಂಗಸಿನ ಮೂಗುತಿ ಕಂಡಿತು! ಮುಗಿಯಿತು ನನ್ನ ಕತೆ. ರಂಗನತಿಟ್ಟಿನ ಹಕ್ಕಿಗಳು ಕಣ್ಣ ಮುಂದೆ ಹಾರಿದವು. ನನ್ನ ಮನೆಯಿಂದ ಸೈಕಲ್ ತುಳಿದರೆ ರಂಗನತಿಟ್ಟು. 1940ರಲ್ಲೇ ಪಕ್ಷಿಧಾಮವಾದ ಜಾಗ, ಸಲೀಂ ಅಲಿಯವರು ಕಣ್ಣಿಟ್ಟ ಜಾಗ. ಅಲ್ಲಿ ದೋಣಿಯಲ್ಲಿ ಕೂತು ದೊಡ್ಡ ಲೆನ್ಸಿನವರನ್ನು ಎಷ್ಟು ಸಲ ಹೊಟ್ಟೆಕಿಚ್ಚಿನಿಂದ ನೋಡಿದ್ದೆ!

ಆಗ ಹಿಂದೆ ನಿಂತಿದ್ದ ಲೈಟ್ ಬಾಯ್ ಮೆಲ್ಲಗೆ ಕೇಳಿದ: "ಅಣ್ಣೋ, ಇದ್ರಲ್ಲಿ ಮೈಕ್ ತೂತು ಅದಾ ನೋಡು."

ನೋಡಿದೆ. ಇರಲಿಲ್ಲ.

"ಆ ಇನ್ನೊಂದ್ರಲ್ಲಿ ಅದೆ ಅಣ್ಣ. ಸ್ಕ್ರೀನೂ ತಿರುಗ್ತದೆ."

ಆ ಇನ್ನೊಂದಕ್ಕೆ ಒಂದೇ ಲೆನ್ಸು, ಅದೂ ನಮ್ಮ ದುಡ್ಡಿಗಿಂತ ನಾಲ್ಕು ಸಾವಿರ ಹೆಚ್ಚು. ನಾನು ಏನಂದೆ ಗೊತ್ತೇ? "ಲೇ, ಲೈಟ್ ಹಿಡಿಯೋನಿಗೆ ಯಾಕ್ಲಾ ಸೌಂಡ್ ಚಿಂತೆ? ಕ್ಯಾಮೆರಾದಲ್ಲೇ ಮೈಕ್ ಇರ್ತದೆ, ಸುಮ್ನಿರು." ಮಿಕ್ಕಿಬ್ಬರು ನಕ್ಕರು. ಅವನೂ ನಕ್ಕು ಸುಮ್ಮನಾದ.

ಬಿಲ್ ಹಾಕಿಸಿದೆವು. ಕೊಂಡ ಮಾದರಿ ಯಾವುದೆಂದು ನಾನು ಹೇಳುವುದಿಲ್ಲ. ಕ್ಯಾಮೆರಾದ್ದು ಏನೂ ತಪ್ಪಿಲ್ಲ, ಇಂದಿಗೂ ಗಟ್ಟಿಮುಟ್ಟಾಗಿದೆ. ತಪ್ಪು ಕೊಂಡವನದ್ದು.

ಕನ್ನಡಿ ಹಿಡಿದ ಹುಡುಗ

ಡಿಎಸ್‌ಎಲ್‌ಆರ್ ಅಂದರೆ ಒಳಗೊಂದು ಓರೆ ಕನ್ನಡಿ ಇರುವ ಕ್ಯಾಮೆರಾ. ಲೆನ್ಸಿನಿಂದ ಬಂದ ಬೆಳಕನ್ನು ಆ ಕನ್ನಡಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಗುಂಡಿ ಒತ್ತಿದರೆ 'ಟಕ್' ಅಂತ ಕನ್ನಡಿ ಮೇಲೇಳುತ್ತದೆ, ಬೆಳಕು ಸೆನ್ಸರಿಗೆ ಬೀಳುತ್ತದೆ. ಆ ಟಕ್ ಶಬ್ದಕ್ಕೇ ನಾವು ಮರುಳಾಗಿದ್ದು! ವೀಡಿಯೋ ತೆಗೆಯುವಾಗ ಕನ್ನಡಿ ಮೇಲೇ ಇರುತ್ತದೆ. 2008ರಲ್ಲಿ ನಿಕಾನ್ ಡಿ90 ಬರುವ ತನಕ ಇಂಥ ಕ್ಯಾಮೆರಾಗಳಲ್ಲಿ ವೀಡಿಯೋ ಇರಲೇ ಇಲ್ಲ. ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 2 ಬಂತು. 2010ರಲ್ಲಿ ಅಮೆರಿಕದ 'ಹೌಸ್' ಧಾರಾವಾಹಿಯ ಒಂದಿಡೀ ಕಂತನ್ನು ಅದರಲ್ಲೇ ಚಿತ್ರಿಸಿದರು. ಅಲ್ಲಿಂದ ಶುರುವಾಯಿತು ನೋಡಿ, ಬೀದಿಬೀದಿಯಲ್ಲಿ ಛಾಯಾಗ್ರಾಹಕರು!

ಇನ್ನೊಂದು ಸಂಗತಿ, ಸಿನಿಮಾ ಹುಚ್ಚಿನವರು ಕೇಳಿದರೆ ರೋಮಾಂಚನವಾಗುವಂಥದ್ದು. ನಮ್ಮ ಹಳೇ ಕನ್ನಡ ಚಿತ್ರಗಳನ್ನು ತೆಗೆದ 35 ಎಂ.ಎಂ. ಫಿಲಂನಲ್ಲಿ ಒಂದು ಫ್ರೇಮಿನ ಅಗಲ ಸುಮಾರು 22 ಮಿಲಿಮೀಟರ್. ಈ ಅಗ್ಗದ ಡಿಎಸ್‌ಎಲ್‌ಆರ್‌ಗಳ ಸೆನ್ಸರಿನ ಅಗಲವೂ ಕ್ಯಾನನ್‌ನಲ್ಲಿ 22ರ ಮೇಲೆ ಚೂರು, ನಿಕಾನ್‌ನಲ್ಲಿ 23.5. ಅಂದರೆ ಅಣ್ಣಾವ್ರು ಸೆರೆಯಾದಷ್ಟೇ ಅಗಲದ ಕಿಟಕಿ ನಮ್ಮ ಕೈಲೂ ಇತ್ತು! ಹಿಂದಿನ ಮರಗಿಡ ಮಸುಕಾಗಿ ಮುಖ ಮಾತ್ರ ಹೊಳೆಯುವ ಆ 'ಸಿನಿಮಾ ಲುಕ್ಕು' ಅರ್ಧ ಇಲ್ಲಿಂದಲೇ ಬರುವುದು. ಇನ್ನರ್ಧ ಲೆನ್ಸಿನಿಂದ.

2020ರ ಫೆಬ್ರವರಿ, ಶಿವರಾತ್ರಿಗೆ ಮುಂಚಿನ ವಾರ. ನಮ್ಮ ಶೂಟಿಂಗು. ಬೆಂಗಳೂರಿಗೆ ಹೋದ ಮೊಮ್ಮಗ ಊರಿಗೆ ವಾಪಸು ಬರುವ ಕತೆ, 12 ನಿಮಿಷ. ಮೊಮ್ಮಗ ನಮ್ಮ ಹೀರೋ. ಅಜ್ಜಿ? ಅವನ ಅಜ್ಜಿಯೇ! ಟಗರು ಮಾರಿದ ಅಜ್ಜಿ. ನಾಗಮಂಗಲದ ಹತ್ತಿರ ಅವರ ಹಳ್ಳಿ. ಹೆಂಚಿನ ಮನೆ, ಒಳಗೆ ಹಗಲೇ ಕತ್ತಲು.

ಅಲ್ಲಿ ನನ್ನ ಎರಡೂ ಲೆನ್ಸು ಕೈಕೊಟ್ಟವು. ಕ್ಯಾಮೆರಾ ಜತೆ ಬರುವ 18-55 ಲೆನ್ಸನ್ನು ಪೂರ್ತಿ ಮುಂದೆ ತಳ್ಳಿದರೆ ಅದರ ಕಣ್ಣು ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂ.ಎಂ. ಎಫ್ 1.8 ಅಂತ ಒಂದು ಪುಟ್ಟ ಲೆನ್ಸಿದೆ. ಅದರೊಳಕ್ಕೆ ಇದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಹೋಗುತ್ತದೆ. ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿಯೊಳಗೆ ಆ ಕಪ್ಪು ಕಂಬಗಳ ಮಿಂಚನ್ನು ಎರಡೂ ಲೆನ್ಸಿನಲ್ಲಿ ಹೋಲಿಸಿ ನೋಡಿದವರಿಗೆ ನಾನು ಹೇಳಬೇಕಿಲ್ಲ. ನಾವು ಉದ್ದನೆ ಜೂಮಿಗೆ ಸುರಿದ ದುಡ್ಡಿನಲ್ಲಿ ಅದನ್ನು ಕೊಳ್ಳಬಹುದಿತ್ತು.

ಐಎಸ್‌ಓ ಏರಿಸಿದೆ. ಚಿತ್ರದ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಳು ಕಾಳು! ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತ.

ಲೈಟ್ ಬಾಯ್ ಮಾತಾಡದೆ ಒಳಗೆ ಹೋದ. ಬೀರುವಿನ ಬಾಗಿಲಿಗಿದ್ದ ನಿಲುವುಗನ್ನಡಿ ಬಿಚ್ಚಿ ಅಂಗಳಕ್ಕೆ ತಂದ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಿಟಕಿಯಿಂದ ಒಳಕ್ಕೆ ಎಸೆದ. ಒಳಗಿನ ಸುಣ್ಣದ ಗೋಡೆಗೆ ಬಿದ್ದ ಬೆಳಕು ಅಜ್ಜಿಯ ಕೆನ್ನೆಗೆ ಮೆತ್ತಗೆ ಹರಿಯಿತು. ನಾನು ಬಾಯಿ ಬಿಟ್ಟು ನೋಡಿದೆ.

"ಎಲ್ಲಿ ಕಲ್ತ್ಯಲಾ ಇದನ್ನ?"

"ವಿ.ಕೆ.ಮೂರ್ತಿ ಮಾಡಿದ್ರಲ್ಲ ಅಣ್ಣ, 'ಕಾಗಜ್ ಕೆ ಫೂಲ್'ನಲ್ಲಿ."

ಮೈಸೂರಿನಲ್ಲಿ ಹುಟ್ಟಿದ ವಿ.ಕೆ.ಮೂರ್ತಿ! ಗುರುದತ್ತರ ಕ್ಯಾಮೆರಾಮನ್! 1959ರ ಆ ಚಿತ್ರದಲ್ಲಿ ಸ್ಟುಡಿಯೋದ ಮೇಲಿಂದ ಇಳಿದುಬರುವ ಬೆಳಕಿನ ಕೋಲು ಸೃಷ್ಟಿಸಲು ಅವರು ದೊಡ್ಡ ದೀಪ ತರಿಸಲಿಲ್ಲ, ಎರಡು ಕನ್ನಡಿಗಳಿಂದ ಬಿಸಿಲನ್ನೇ ಒಳಗೆ ತಂದರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಕನ್ನಡಕ್ಕೆ ಬಂದು 1993ರಲ್ಲಿ 'ಹೂವು ಹಣ್ಣು' ತೆಗೆದುಕೊಟ್ಟವರೂ ಅವರೇ. ಇದೆಲ್ಲ ಫ್ಲೆಕ್ಸ್ ಅಂಗಡಿಯ ನನಗೆ ಗೊತ್ತಿರಲಿಲ್ಲ, ಲೈಟ್ ಸ್ಟ್ಯಾಂಡು ಹೊರುವ ಹುಡುಗನಿಗೆ ಗೊತ್ತಿತ್ತು.

ತೊಣ್ಣೂರು ಕೆರೆಯ ಗಾಳಿ

ಕೊನೆಯ ದೃಶ್ಯ ತೊಣ್ಣೂರು ಕೆರೆಯ ಏರಿಯ ಮೇಲೆ. ಮೋತಿ ತಲಾಬ್ ಅಂತ ಇನ್ನೊಂದು ಹೆಸರೂ ಅದಕ್ಕಿದೆ, ಮುತ್ತಿನಂಥ ನೀರು. ಅಜ್ಜಿಯನ್ನು ಆಟೋದಲ್ಲಿ ಕರೆತಂದೆವು. ಡೈರೆಕ್ಟರು ನಾಲ್ಕು ಸಾಲು ಮಾತು ಬರೆದುಕೊಟ್ಟಿದ್ದ. ಅಜ್ಜಿ ಅದನ್ನು ಒಂದು ಸಲ ಕೇಳಿಸಿಕೊಂಡು "ಇದ್ಯಾವ ಮಾತ್ಲಾ ಮಗ, ನಮ್ಮಂಥೋರು ಹಿಂಗ್ ಮಾತಾಡ್ತಾರಾ?" ಅಂದಳು. ಆಮೇಲೆ ತನಗೆ ತೋಚಿದ್ದನ್ನೇ ಮಾತಾಡಿದಳು. ಏಳೆಂಟು ನಿಮಿಷ! ಮದುವೆಯಾಗಿ ಬಂದದ್ದು, ಸತ್ತ ಗಂಡ, ಬರಗಾಲದ ವರ್ಷ, ಮೊಮ್ಮಗ ಹುಟ್ಟಿದ ರಾತ್ರಿ... ನಾವು ನಾಲ್ವರೂ ಕಣ್ಣೊರೆಸಿಕೊಂಡೆವು. ನನ್ನದು ಬೇರೆ ಜಂಬ. ಉದ್ದನೆ ಜೂಮ್ ಹಾಕಿ ಇಪ್ಪತ್ತು ಅಡಿ ದೂರ ನಿಂತು ಮುಖವನ್ನು ತುಂಬಿಸಿಕೊಂಡಿದ್ದೆ. ಒಂದೊಂದು ಸುಕ್ಕೂ ಎಣಿಸಬಹುದಿತ್ತು.

ಆ ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದೆವು.

ಬರ್‌ರ್‌ರ್...

ಗಾಳಿ. ಬರೀ ಗಾಳಿ. ಅದರ ನಡುವೆ ಲೆನ್ಸಿನ ಮೋಟರು ಫೋಕಸ್ ಹುಡುಕುವ ಗಿರ್‌ಗಿರ್ ಸದ್ದು. ಎಲ್ಲೋ ಆಳದಲ್ಲಿ ಒಂದು ಮುದುಕಿಯ ದನಿ, ಬಾವಿಯೊಳಗಿಂದ ಕೂಗಿದ ಹಾಗೆ. ಜೂಮ್ ತಿರುಗಿಸಿದರೆ ಮುಖ ಹತ್ತಿರ ಬರುತ್ತದೆ ಮಿತ್ರರೇ, ದನಿ ಬರುವುದಿಲ್ಲ! ಮೈಕು ಇಪ್ಪತ್ತು ಅಡಿ ದೂರ ಕ್ಯಾಮೆರಾದ ಹಣೆಯಲ್ಲೇ ಕೂತಿತ್ತು. ಹೊರಗಿನ ಮೈಕು ಸಿಕ್ಕಿಸಲು ತೂತಿರಲಿಲ್ಲ. ಕಿವಿಗೆ ಹಾಕಿ ಕೇಳಲು ಹೆಡ್‌ಫೋನ್ ತೂತಂತೂ ಈ ದರ್ಜೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಯಾರೂ ಯಾರನ್ನೂ ಬೈಯಲಿಲ್ಲ. ಲೈಟ್ ಬಾಯ್ ನನ್ನ ಮುಖ ಸಹ ನೋಡಲಿಲ್ಲ. "ಡಬ್ಬಿಂಗ್ ಮಾಡ್ಸಣ ಬುಡಣ್ಣ, ಅಜ್ಜೀನೇ ಕರ್ಕಂಡ್ ಬಂದು" ಅಂದ. ಯುಗಾದಿ ಕಳೆದ ಮೇಲೆ ಅಂತ ದಿನ ಗೊತ್ತು ಮಾಡಿದೆವು.

2020ರ ಮಾರ್ಚ್ 25, ಯುಗಾದಿ ದಿನವೇ ದೇಶವೆಲ್ಲ ಲಾಕ್‌ಡೌನ್. ಬಸ್ಸಿಲ್ಲ, ತಾಲೂಕಿನಿಂದ ತಾಲೂಕಿಗೆ ದಾರಿಯಿಲ್ಲ. ನಾಲ್ವರೂ ನಾಲ್ಕು ಕಡೆ. ಬಸ್ಸು ಶುರುವಾದರೂ ವಯಸ್ಸಾದ ಜೀವದ ಹತ್ತಿರ ಹೋಗಲು ನಮಗೇ ಭಯ. ಜುಲೈಯಲ್ಲಿ ಅಜ್ಜಿ ತೀರಿಕೊಂಡಳು. ನಿದ್ದೆಯಲ್ಲೇ.

ತಿಥಿಗೆ ಹೋದೆವು. ಹೀರೋನ ಅಪ್ಪ, "ಅವ್ವನ್ ಪಿಚ್ಚರ್ ಅದಂತಲ್ಲಪ್ಪ, ಹಾಕ್ರೋ ನೋಡಣ" ಅಂದರು. ಪೆನ್‌ಡ್ರೈವ್ ಸಿಕ್ಕಿಸಿ ಜಗಲಿಗೆ ಟಿ.ವಿ. ತಂದಿಟ್ಟೆವು. ಗಾಳಿಯ ಸದ್ದು ಸಹಿಸಲಾಗದೆ ವಾಲ್ಯೂಮ್ ಪೂರ್ತಿ ಇಳಿಸಿದೆ. ತೆರೆಯ ತುಂಬ ಅಜ್ಜಿಯ ಮುಖ, ತುಟಿ ಅಲುಗುತ್ತಿವೆ. ಒಂದು ಮಗು, "ಅಜ್ಜಿ ಏನಂತಾವಳೆ?" ಅಂತ ಕೇಳಿತು. ಪಕ್ಕದ ಮನೆಯ ಮುದುಕಿ ತುಟಿ ನೋಡಿ ನೋಡಿ, "ಅವ್ಳ್ ಗಂಡನ್ ವಿಷ್ಯ ಏಳ್ತಾವ್ಳೆ ಅನ್ಸ್ತದೆ" ಅಂದಳು. ನಾವು ನಾಲ್ವರೂ ಅಂದು ಎದುರಿಗೇ ನಿಂತು ಕೇಳಿದ್ದೆವು. ಆದರೆ ಮಾತಿಗೆ ಮಾತು ಹೇಳು ಅಂದರೆ ಒಬ್ಬರಿಗೂ ಬರಲಿಲ್ಲ. ಹೀರೋ ಎದ್ದು ಹಿತ್ತಲಿಗೆ ಹೋದ.

ಆ ದೃಶ್ಯ ಹಾಗೇ, ಮೂಕಿ ಚಿತ್ರವಾಗಿ, ವಾಟ್ಸಾಪಿನಲ್ಲಿ ಊರೂರು ಸುತ್ತಿತು. ಬಸ್ ಸ್ಟ್ಯಾಂಡಿನ ಹುಡುಗ ನೋಡಿದ್ದು ಅದನ್ನೇ.

ನಮ್ಮ ನಾಲ್ವರ ಜೇಬಿನಲ್ಲೂ ಅವತ್ತು ಫೋನಿತ್ತು ಕಣ್ರಿ! ಒಂದನ್ನು ರೆಕಾರ್ಡರ್ ಹಾಕಿ ಅಜ್ಜಿಯ ಮಡಿಲಲ್ಲಿ ಸೆರಗು ಮುಚ್ಚಿ ಇಟ್ಟಿದ್ದರೆ ಸಾಕಿತ್ತು. ಕ್ಯಾಮೆರಾ ಓಡುವಾಗ ಎದುರಿಗೆ ಒಂದು ಚಪ್ಪಾಳೆ. ಆಮೇಲೆ ಆ ಚಪ್ಪಾಳೆಯ ಸದ್ದಿಗೂ ಚಿತ್ರದಲ್ಲಿ ಕೈ ಕೂಡುವ ಫ್ರೇಮಿಗೂ ಸರಿಹೊಂದಿಸಿದರೆ ಮುಗಿಯಿತು. ಶೂಟಿಂಗಿನಲ್ಲಿ ಕ್ಲಾಪ್ ಬೋರ್ಡ್ ಹೊಡೆಯುವುದು ಏತಕ್ಕೆ ಅಂದುಕೊಂಡಿದ್ದೆವು? ಗತ್ತಿಗೆ!

ಹಲ್ಲು ನೋಡದೆ ಎತ್ತು ಕೊಳ್ಳುತ್ತೀರಾ?

ಇನ್ನು ಆ ಹುಡುಗನ 25 ಸಾವಿರದ ವಿಷಯ.

2020ರ ಆರಂಭದ ನಂತರ ಕ್ಯಾನನ್, ನಿಕಾನ್ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಅವರ ಗಮನವೆಲ್ಲ ಕನ್ನಡಿ ತೆಗೆದುಹಾಕಿದ ಮಿರರ್‌ಲೆಸ್ ಕಡೆ. ನಿಕಾನ್ ಜ಼ೆಡ್30 ಬಂದದ್ದು 2022ರಲ್ಲಿ, ಕ್ಯಾನನ್ ಆರ್50 ಬಂದದ್ದು 2023ರಲ್ಲಿ. ದುಡ್ಡಿದ್ದವರು ಅತ್ತ ಹೋಗಲಿ. ನಮ್ಮಂಥವರಿಗೆ ಇದರಲ್ಲೇ ಲಾಭ. ಮದುವೆ ಫೋಟೋದವರು ಮಿರರ್‌ಲೆಸ್ಸಿಗೆ ಹಾರುತ್ತಾ ಹಳೇ ಡಿಎಸ್‌ಎಲ್‌ಆರ್‌ಗಳನ್ನು ಮಾರುತ್ತಿದ್ದಾರೆ.

ಹಳತರಲ್ಲಿ ಯಾವುದು? ಮಾತಿರುವ ಚಿತ್ರ ಮಾಡುವವನು ಮೊದಲು ಮೈಕ್ ತೂತು ನೋಡಬೇಕು. ಕ್ಯಾನನ್ 600ಡಿ, 700ಡಿ, 200ಡಿಗಳಲ್ಲಿ ಇದೆ. 1200ಡಿ, 1300ಡಿ, 1500ಡಿ, 3000ಡಿಗಳಲ್ಲಿ ಇಲ್ಲ. ನಿಕಾನ್‌ನಲ್ಲಿ ಡಿ5300, ಡಿ5600ಕ್ಕೆ ಇದೆ. ತಮಾಷೆ ಕೇಳಿ, 2014ರ ಡಿ3300ಕ್ಕೆ ಇದ್ದದ್ದನ್ನು 2016ರ ಡಿ3400ರಲ್ಲಿ ತೆಗೆದುಬಿಟ್ಟರು! ಹೊಸದೆಲ್ಲ ಮೇಲಲ್ಲ. ನನ್ನನ್ನು ಒಂದೇ ಹೆಸರು ಹೇಳು ಅಂದರೆ 200ಡಿ ಅನ್ನುತ್ತೇನೆ. ವೀಡಿಯೋ ತೆಗೆಯುವಾಗ ಅದರ ಫೋಕಸ್ಸು ಮುಖವನ್ನು ಬಿಡದೆ ಹಿಂಬಾಲಿಸುತ್ತದೆ, ಸ್ಕ್ರೀನು ತಿರುಗುತ್ತದೆ. ಅದು ಸಿಗದಿದ್ದರೆ 700ಡಿ, ಆದರೆ ಫೋಕಸ್ಸು ನಿಮ್ಮ ಕೈಯಿಂದಲೇ ತಿರುಗಿಸುವುದು ಕಲಿಯಿರಿ. ಬರೀ ಫೋಟೋ ಸಾಕು, ಹಕ್ಕಿ, ಗುಡಿ, ಜಾತ್ರೆ ಸಾಕು ಅನ್ನುವವರಿಗೆ ಡಿ3500 ಚಿನ್ನ. ಅದಕ್ಕೆ ಲೆನ್ಸ್ ಕೊಳ್ಳುವಾಗ ಮಾತ್ರ ಎಚ್ಚರ. ನಿಕಾನ್‌ನ ಹಳೇ 50 ಎಂ.ಎಂ. 1.8ಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಡಿ3000, ಡಿ5000 ಸಾಲಿನ ಕ್ಯಾಮೆರಾಗಳೊಳಗೆ ಫೋಕಸ್ ಮೋಟರಿಲ್ಲ. ಲೆನ್ಸು ಕೂರುತ್ತದೆ, ತಾನಾಗಿ ಫೋಕಸ್ ಮಾತ್ರ ಆಗುವುದಿಲ್ಲ. 35 ಎಂ.ಎಂ. 1.8ಜಿ ಕೇಳಿ ತಗೊಳ್ಳಿ.

ಹೇಮಗಿರಿ ಜಾತ್ರೆಯಲ್ಲಿ ಹಲ್ಲು ನೋಡದೆ ಎತ್ತು ಕೊಳ್ಳುವವರುಂಟೇ? ಕ್ಯಾಮೆರಾದ ಹಲ್ಲು ಅಂದರೆ ಶಟರ್ ಲೆಕ್ಕ, ಇದುವರೆಗೆ ಎಷ್ಟು ಸಲ 'ಟಕ್' ಅಂದಿದೆ ಅನ್ನುವುದು. ಈ ವರ್ಗದವನ್ನು ಒಂದು ಲಕ್ಷದ ಆಸುಪಾಸಿಗೆ ಅಂತ ಲೆಕ್ಕ ಹಾಕಿ. ಮದುವೆಗೆ ಓಡಿದ ಕ್ಯಾಮೆರಾ ಬಾಡಿಗೆ ಎತ್ತಿದ್ದ ಹಾಗೆ, ಮೈಮೇಲೆ ಗೀರಿಲ್ಲದಿದ್ದರೂ ಒಳಗೆ ಸವೆದಿರುತ್ತದೆ. ನಿಕಾನ್ ಆದರೆ ತೆಗೆದ ಫೋಟೋದ ಫೈಲಿನಲ್ಲೇ ಈ ಲೆಕ್ಕ ಅಡಗಿರುತ್ತದೆ. ಕ್ಯಾನನ್‌ನ ಈ ಮಾದರಿಗಳಿಗೆ ಕಂಪ್ಯೂಟರಿನಲ್ಲಿ ಬೇರೆ ಸಾಫ್ಟ್‌ವೇರ್ ಬೇಕು. ಲೆನ್ಸು ಬಿಚ್ಚಿ ಫೋನಿನ ಟಾರ್ಚು ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಕೈಮುಗಿದು ವಾಪಸು ಕೊಡಿ. ನಾಲೆ ಬಯಲಿನ ನಮ್ಮ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಎಫ್ 16ಕ್ಕೆ ಇಟ್ಟು ಬರೀ ಆಕಾಶದ ಒಂದು ಫೋಟೋ ತೆಗೆಯಿರಿ, ಸೆನ್ಸರಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬಿಲ್ಲಿನ ನಂಬರೂ ಕ್ಯಾಮೆರಾ ತಳದ ನಂಬರೂ ಒಂದೇ ಇರಬೇಕು, ಇಲ್ಲದಿದ್ದರೆ ನಾಳೆ ಸ್ಟೇಷನ್ನಿನಲ್ಲಿ ನಿಲ್ಲುವವರು ನೀವು.

25 ಸಾವಿರದಲ್ಲಿ 15 ಸಾವಿರದ ಮೇಲೆ ಕ್ಯಾಮೆರಾದ ಬಾಡಿಗೆ ಸುರಿಯಬೇಡ ಅಂದೆ. (ಬಾಡಿಗೆಗೆ ಅಲ್ಲ, ಬಾಡಿಗೆ!) ಉಳಿದದ್ದು ಆ ಪುಟ್ಟ ಲೆನ್ಸಿಗೆ, ಕಾಲರಿಗೆ ಸಿಕ್ಕಿಸುವ ಮೈಕಿಗೆ, ಕಾರ್ಡಿಗೆ, ಇನ್ನೊಂದು ಬ್ಯಾಟರಿಗೆ. ಉದ್ದನೆ ಜೂಮ್ ಬೇಕಾದ ದಿನ ಬಾಡಿಗೆಗೆ ತಾ. ಟ್ಯೂಬ್ ಲೈಟಿನ ಕೆಳಗೆ ತೆಗೆಯುವಾಗ ಶಟರ್ 50ರಲ್ಲಿ ಒಂದಕ್ಕಿಡು, ಇಲ್ಲದಿದ್ದರೆ ಪಟ್ಟೆ ಪಟ್ಟೆ ಓಡುತ್ತವೆ. ನಿಜ ಹೇಳಬೇಕೆಂದರೆ ಒಳ್ಳೇ ಫೋನಿದ್ದವನು ಮೊದಲ ಚಿತ್ರವನ್ನು ಫೋನಿನಲ್ಲೇ ತೆಗೆಯಬಹುದು, ಇದನ್ನು ಹೇಳಿದರೆ ಯಾರಿಗೂ ಹಿಡಿಸುವುದಿಲ್ಲ. ಅವನಿಗೂ ಹಿಡಿಸಲಿಲ್ಲ. ಟೀ ಲೋಟ ಕೆಳಗಿಟ್ಟು, "ಅಲ್ಲಾ ಅಣ್ಣ, ಡಿಎಸ್‌ಎಲ್‌ಆರ್ ಅಂದ್ರೆ ಒಂದು ಗತ್ತು" ಅಂದ.

ಸರಿ ಅಂತ ಕೆ.ಆರ್.ಪೇಟೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ನಮ್ಮ ಲೈಟ್ ಬಾಯ್ ಈಗ ಅಲ್ಲಿ ಸ್ವಂತ ಸ್ಟುಡಿಯೋ ಇಟ್ಟಿದ್ದಾನೆ. ನಾಲ್ವರ ಆ ಕ್ಯಾಮೆರಾ ಅವನ ಬಳಿಯೇ ಇದೆ, ಮಿಕ್ಕ ಮೂವರ ಪಾಲನ್ನು ಕಂತಿನಲ್ಲಿ ತೀರಿಸಿದ. ಹಳೇ ಕ್ಯಾಮೆರಾಗಳ ಹಲ್ಲು ನೋಡುವುದರಲ್ಲಿ ಈ ನಾಲ್ಕು ತಾಲೂಕಿನಲ್ಲಿ ನಾನು ಅವನನ್ನೇ ನಂಬುವುದು.

"ಲೇ ತಮ್ಮ, ಏನ್ ಪಿಚ್ಚರ್ಲಾ ನಿಂದು?" ಅವನ ದನಿ ಬಂತು.

"ನಮ್ಮ ತಾತನ್ ಕತೆ ಅಣ್ಣ. ತಾತನೇ ಮಾಡ್ತದೆ."

"ತಾತಂಗೆ ವಯಸ್ಸೆಷ್ಟು?"

"ಎಂಬತ್ತರ್ ಮೇಲಾಗದೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಭಾನುವಾರ ಬಾ, ಒಂದು ಟೂ ಹಂಡ್ರೆಡ್ ಡಿ ಬಂದದೆ, ನೋಡಣ. ಇವತ್ ರಾತ್ರಿ ಉಂಡಾದ್ಮೇಲೆ ನಿನ್ ಫೋನಲ್ಲಿ ರೆಕಾರ್ಡರ್ ಹಾಕಿ ತಾತನ್ ಪಕ್ಕ ಇಟ್ಟು ಮಾತಾಡ್ಸು. ಫ್ಯಾನ್ ಆಫ್ ಮಾಡು."

ಪಾಂಡವಪುರದ ಇನ್ನೊಂದು ಬಸ್ಸು ಬಂತು. ಹುಡುಗ ಓಡಿ ಹತ್ತಿದ. ಕಿಟಕಿಯ ಪಕ್ಕ ಕೂತವನು ಫೋನ್ ತೆಗೆದು ಚಾರ್ಜ್ ಎಷ್ಟಿದೆ ಅಂತ ನೋಡಿಕೊಳ್ಳುತ್ತಿದ್ದ.